ಕಾಡುಕುದುರೆಯ ಮುಂಗಾಲು: ಮಸ್ಟಾಂಗ್ ಮತ್ತು ಒಂದು ಇಂಚಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವವರ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತು ಒಂದು ಸದ್ದಿನಿಂದ ಶುರು ಮಾಡೋಣ. ಕಾರು ಹಂಪ್ ದಾಟುತ್ತೆ. ಮುಂದಿನ ಎಡ ಚಕ್ರದ ಹತ್ತಿರ ಎಲ್ಲೋ ‘ಕಟಕ್’ ಅನ್ನುತ್ತೆ. ಒಳಗೆ ಕೂತವರೆಲ್ಲ ಒಂದು ಕ್ಷಣ ಮಾತು ನಿಲ್ಲಿಸ್ತಾರೆ. ಗ್ಯಾರೇಜಿಗೆ ಹೋದರೆ ಮೆಕ್ಯಾನಿಕ್ ಚಕ್ರ ಹಿಡಿದು ಅಲ್ಲಾಡಿಸಿ ನೋಡಿ, ‘ಲೋವರ್ ಆರ್ಮ್ ಬುಷ್ ಹೋಗಿದೆ ಸರ್, ಬಾಲ್ ಜಾಯಿಂಟೂ ಲೂಸಾಗಿದೆ’ ಅಂತಾರೆ. ನಾವು ಗೊತ್ತಿರುವವರ ಹಾಗೆ ತಲೆಯಾಡಿಸಿ, ‘ಎಷ್ಟಾಗುತ್ತೆ?’ ಅಂತ ಮಾತ್ರ ಕೇಳ್ತೀವಿ.

ಕಾರಿನ ವಿಷಯ ಬಂದಾಗ ನಾವು ಕೇಳುವ ಪ್ರಶ್ನೆಗಳು ಗೊತ್ತಿರುವಂಥವೇ. ಎಂಜಿನ್ ಎಷ್ಟು ಸಿಸಿ, ಎಷ್ಟು ಹಾರ್ಸ್‌ಪವರ್, ಟಾಪ್ ಸ್ಪೀಡ್ ಎಷ್ಟು. ಮುಂದಿನ ಚಕ್ರಗಳನ್ನು ಹಿಡಿದುಕೊಂಡಿರುವ ಆ ಕಬ್ಬಿಣದ ತೋಳುಗಳ ಬಗ್ಗೆ ಯಾರೂ ಕೇಳೋದಿಲ್ಲ. ಯಾರೂ ಕೇಳೋದಿಲ್ಲ ಅನ್ನೋದು ಕಾರು ಮಾಡುವವರಿಗೂ ಚೆನ್ನಾಗಿ ಗೊತ್ತು. ಇವತ್ತಿನ ಕಥೆ ಹುಟ್ಟೋದೇ ಅಲ್ಲಿ.

ಕಥೆ ಅಮೆರಿಕದ್ದು. ಕಾರು ಫೋರ್ಡ್ ಮಸ್ಟಾಂಗ್. ಮಸ್ಟಾಂಗ್ ಅಂದರೆ ಅಮೆರಿಕದ ಬಯಲಿನ ಕಾಡುಕುದುರೆ. ಅದರ ಮೂತಿ, ಅದರ ಗುಡುಗು, ಅದರ ಓಟ ಎಲ್ಲವೂ ಸಿನಿಮಾಗಳಿಂದ ನಮಗೆ ಪರಿಚಯ. ನಾವು ಇವತ್ತು ನೋಡೋದು ಆ ಕುದುರೆಯ ಮುಂಗಾಲುಗಳನ್ನು. 60 ವರ್ಷದ ಹಿಂದೆ ಕೆಲವರು ಆ ಮುಂಗಾಲಿನ ಕೀಲನ್ನು ಬರೀ ಒಂದು ಇಂಚು ಕೆಳಗಿಳಿಸಿದರು. ಆ ಒಂದು ಇಂಚಿಗೆ ಒಂದು ಚರಿತ್ರೆಯಿದೆ.

ಮೊದಲು ಫೋನ್ ಕೆಳಗಿಡಿ

ಕಥೆಗೆ ಮುಂಚೆ ಎರಡು ಚಿಕ್ಕ ಪ್ರಯೋಗ. ಗಾಡಿ ಓಡಿಸ್ತಾ ಇದ್ದರೆ ಬೇಡ, ಮನೆಗೆ ಹೋಗಿ ಮಾಡಿ.

ನಿಮ್ಮ ಫೋನನ್ನು ಟೇಬಲ್ ಮೇಲೆ ನೆಟ್ಟಗೆ ನಿಲ್ಲಿಸಿ ಹಿಡಿದುಕೊಳ್ಳಿ. ಅದೇ ಟೈರು ಅಂದುಕೊಳ್ಳಿ. ಈಗ ಅದರ ತಳ ಪೂರ್ತಿ ಟೇಬಲ್ ಮುಟ್ಟಿದೆ. ಸ್ವಲ್ಪ ವಾಲಿಸಿ. ಈಗ ಮುಟ್ಟಿರೋದು ಒಂದು ಅಂಚು ಮಾತ್ರ. ಟೈರಿಗೂ ಆಗೋದು ಇದೇ. ಇಷ್ಟು ದೊಡ್ಡ ಕಾರಿನಲ್ಲಿ ಒಂದೊಂದು ಚಕ್ರ ರಸ್ತೆಯನ್ನು ಮುಟ್ಟುವ ಜಾಗ ಸುಮಾರು ನಮ್ಮ ಅಂಗೈಯಷ್ಟು. ಚಕ್ರ ವಾಲಿದರೆ ಆ ಅಂಗೈಯೂ ಕಿರುಬೆರಳಾಗಿಬಿಡುತ್ತೆ. ಈ ವಾಲುವಿಕೆಗೆ ಗ್ಯಾರೇಜಿನಲ್ಲಿ ‘ಕ್ಯಾಂಬರ್’ ಅಂತಾರೆ.

ಎರಡನೆಯದು. ಒಂದು ಕೈಯನ್ನು ಪಕ್ಕಕ್ಕೆ ಚಾಚಿ, ಆದರೆ ಭುಜಕ್ಕಿಂತ ಸ್ವಲ್ಪ ಕೆಳಗೆ ಇಳಿಬಿಡಿ. ಈಗ ನಿಧಾನಕ್ಕೆ ಮೇಲೆತ್ತಿ. ಬೆರಳ ತುದಿ ಮೈಯಿಂದ ದೂರ ದೂರ ಹೋಗುತ್ತೆ ಅಲ್ವಾ? ಭುಜದ ಮಟ್ಟ ದಾಟಿದ ಮೇಲೂ ಎತ್ತುತ್ತಾ ಹೋದರೆ ಬೆರಳು ವಾಪಸ್ ಮೈಯ ಕಡೆಗೆ ಬರುತ್ತೆ. ಇಷ್ಟೇ. ಸಸ್ಪೆನ್ಷನ್ ವಿದ್ಯೆಯ ಅರ್ಧ ಗುಟ್ಟು ಇದರಲ್ಲಿದೆ.

ಈ ಕಥೆಯ ಕಾರಿನ ಪ್ರತಿ ಮುಂಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತೆ. ಅಪ್ಪರ್ ಆರ್ಮ್, ಲೋವರ್ ಆರ್ಮ್. ತಿರುವಿನಲ್ಲಿ ಕಾರು ಹೊರಗಡೆಗೆ ವಾಲಿದಾಗ ಹೊರಗಿನ ಚಕ್ರದ ಮೇಲೆ ಭಾರ ಬೀಳುತ್ತೆ, ಬಾಡಿಗೆ ಹೋಲಿಸಿದರೆ ಆ ಚಕ್ರ ಮೇಲಕ್ಕೆ ಏರುತ್ತೆ. ಆಗ ಮೇಲಿನ ತೋಳು ಚಕ್ರದ ತಲೆಯನ್ನು ಒಳಕ್ಕೆ ಎಳೆದುಕೊಂಡರೆ ಟೈರು ರಸ್ತೆಗೆ ಅಂಗೈಯಿಟ್ಟು ನಿಲ್ಲುತ್ತೆ. ಹೊರಕ್ಕೆ ತಳ್ಳಿದರೆ? ಅಂಚಿನ ಮೇಲೆ ನಿಲ್ಲುತ್ತೆ. ತಿರುವಿನಲ್ಲಿ, ಭಾರ ಪೂರ್ತಿ ಅದರ ಮೇಲೇ ಇರುವಾಗ.

ತೋಳು ಎಳೆಯುತ್ತೋ ತಳ್ಳುತ್ತೋ ಅನ್ನೋದು ‘ಭುಜ’ ಎಷ್ಟು ಎತ್ತರದಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಇದನ್ನು ನೆನಪಿಟ್ಟುಕೊಳ್ಳಿ. ಈಗ ಡೆಟ್ರಾಯಿಟ್‌ಗೆ ಹೋಗೋಣ.

ಅಗ್ಗದ ಮೂಳೆ, ಹೊಸ ಚರ್ಮ

1950ರ ದಶಕದ ಕೊನೆ. ಫೋರ್ಡ್ ಕಂಪನಿಯಲ್ಲಿ ರಾಬರ್ಟ್ ಮೆಕ್‌ನಮಾರಾ ಅನ್ನೋ ಲೆಕ್ಕದ ಮನುಷ್ಯ ಮೇಲಿನ ಹುದ್ದೆಯಲ್ಲಿದ್ದರು. ಮುಂದೆ ಕೆನಡಿ ಸರ್ಕಾರದಲ್ಲಿ ರಕ್ಷಣಾ ಸಚಿವರಾಗಿ, ವಿಯೆಟ್ನಾಂ ಯುದ್ಧದ ಜೊತೆ ಹೆಸರು ಅಂಟಿಸಿಕೊಂಡವರು ಇವರೇ. ಸಂಸಾರಸ್ಥರಿಗೆ ಒಂದು ಚಿಕ್ಕ, ಹಗುರ, ಅಗ್ಗದ ಕಾರು ಬೇಕು ಅನ್ನೋದು ಅವರ ಹಟ. ಹಾಗೆ ಬಂದದ್ದು 1960ರ ಮಾಡೆಲ್ ಫೋರ್ಡ್ ಫಾಲ್ಕನ್.

ಫಾಲ್ಕನ್‌ನಲ್ಲಿ ಕೆಳಗಡೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಚೌಕಟ್ಟು. ಮುಂದಿನ ಸ್ಪ್ರಿಂಗ್‌ಗಳನ್ನು ಮೇಲಿನ ತೋಳಿನ ಮೇಲೆ ಕೂರಿಸಿದ್ದಾರೆ. ಆ ಸ್ಪ್ರಿಂಗ್‌ನ ತಲೆ ಹೋಗಿ ಒತ್ತೋದು ಎಂಜಿನ್‌ನ ಎರಡೂ ಪಕ್ಕ ನಿಂತ ತಗಡಿನ ಎರಡು ಗೋಪುರಗಳಿಗೆ. ಇವುಗಳಿಗೆ ಶಾಕ್ ಟವರ್ ಅಂತ ಹೆಸರು. ಕೆಳಗಿನ ತೋಳಿನದು ಇನ್ನೂ ಸರಳ. ಅದು ಒಂದೇ ಕೋಲು. ಅದು ಹಿಂದೆ ಮುಂದೆ ಓಡಾಡದಂತೆ ಮುಂದಿನಿಂದ ಒಂದು ಸರಳು ಹಿಡಿದಿರುತ್ತೆ, ಅದು ಸ್ಟ್ರಟ್ ರಾಡ್. ಹಗುರ ಕಾರು, ಆರು ಸಿಲಿಂಡರಿನ ಸಾಧು ಎಂಜಿನ್, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ತರಕಾರಿ ತರುವ ಕೆಲಸ. ಅಷ್ಟಕ್ಕೆ ಈ ವ್ಯವಸ್ಥೆ ಧಾರಾಳವಾಗಿ ಸಾಕಿತ್ತು.

ಆಮೇಲೆ ಬಂದವರು ಲೀ ಅಯಕೋಕಾ. ಯುದ್ಧದ ನಂತರ ಹುಟ್ಟಿದ ದೊಡ್ಡ ತಲೆಮಾರು ಕಾಲೇಜು ಮೆಟ್ಟಿಲು ಹತ್ತುತ್ತಿದೆ, ಅಪ್ಪನ ಕಾರಿನಂಥ ಕಾರು ಅವರಿಗೆ ಬೇಡ ಅನ್ನೋದನ್ನು ಅವರು ಕಂಡುಕೊಂಡರು. ಹೊಸ ಕಾರು ಬೇಕು, ಆದರೆ ಹೊಸದಾಗಿ ಎಲ್ಲ ಮಾಡುವಷ್ಟು ದುಡ್ಡು ಸುರಿಯುವಂತಿಲ್ಲ. ದಾರಿ ಒಂದೇ. ಫಾಲ್ಕನ್‌ನ ಮೂಳೆಗೆ ಹೊಸ ಚರ್ಮ ಹೊದಿಸೋದು. ಉದ್ದ ಬಾನೆಟ್, ಗಿಡ್ಡ ಡಿಕ್ಕಿ, ಗ್ರಿಲ್‌ನಲ್ಲಿ ಓಡುವ ಕುದುರೆ.

1964ರ ಏಪ್ರಿಲ್ 17ರಂದು ನ್ಯೂಯಾರ್ಕ್‌ನ ವಿಶ್ವ ಮೇಳದಲ್ಲಿ ಮಸ್ಟಾಂಗ್ ಬಿಡುಗಡೆಯಾಯಿತು. ಆರಂಭದ ಬೆಲೆ 2,368 ಡಾಲರ್. ಮೊದಲ ದಿನವೇ 22,000ಕ್ಕೂ ಹೆಚ್ಚು ಕಾರು ಹೋದವು. ಎರಡು ವರ್ಷ ತುಂಬುವ ಮೊದಲೇ, 1966ರ ಮಾರ್ಚ್‌ನಲ್ಲಿ, ಹತ್ತು ಲಕ್ಷದ ಕಾರು ಹೊರಬಂತು. ಕಟ್ಟುನಿಟ್ಟಾಗಿ ಹೇಳೋದಾದರೆ ಇದನ್ನು ‘ಪೋನಿ ಕಾರ್’ ಅಂತ ಕರೀತಾರೆ. ‘ಮಸಲ್ ಕಾರ್’ ಅನ್ನೋ ಬಿರುದು ಅದೇ ಹೊತ್ತಿಗೆ ಬಂದ ಪಾಂಟಿಯಾಕ್ ಜಿಟಿಒ ಥರದ ದೊಡ್ಡ ಎಂಜಿನ್ ಕಾರುಗಳದ್ದು. ಆದರೆ ಮಸ್ಟಾಂಗ್ ಕೂಡ ಬಹಳ ಬೇಗ ತೋಳು ಬಲಿಸಿಕೊಂಡಿತು. 289 ಘನ ಇಂಚಿನ ವಿ-8, ನಂತರ 390, 1968ರಲ್ಲಿ 428 ಕೋಬ್ರಾ ಜೆಟ್. 1969ರ ಬಾಸ್ 429 ಎಂಜಿನ್ ಎಷ್ಟು ಅಗಲ ಅಂದರೆ ಅದು ಆ ಎರಡು ಗೋಪುರಗಳ ಮಧ್ಯೆ ಹಿಡಿಸಲೇ ಇಲ್ಲ. ಮಿಷಿಗನ್‌ನ ಕಾರ್ ಕ್ರಾಫ್ಟ್ ಅನ್ನೋ ಕಾರ್ಖಾನೆಯಲ್ಲಿ ಗೋಪುರಗಳನ್ನೇ ಬದಲಿಸಿ, ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿ ಜಾಗ ಮಾಡಬೇಕಾಯಿತು.

ಎಂಜಿನ್ ಬೆಳೀತಾ ಹೋಯ್ತು. ಅದನ್ನು ಹೊತ್ತ ಮುಂಗಾಲು ಮೂಲದಲ್ಲಿ ತರಕಾರಿ ತರುವ ಕಾರಿನದೇ.

ಇಲ್ಲೊಂದು ತಮಾಷೆಯ ವಿವರ ಹೇಳಲೇಬೇಕು. ಬಾನೆಟ್ ಎತ್ತಿದರೆ ಆ ಗೋಪುರಗಳಿಗೂ ಹಿಂದಿನ ಗೋಡೆಗೂ ನಡುವೆ ಆಧಾರದ ಪಟ್ಟಿಗಳು ಕಾಣುತ್ತವೆ. ಅಮೆರಿಕದ ಒಳಗೆ ಮಾರುವ ಕಾರಿಗೆ ಎರಡು ಬಿಡಿ ಪಟ್ಟಿ. ಹೊರದೇಶಕ್ಕೆ ಹೋಗುವ ಕಾರಿಗೆ ಒಂದೇ ತುಂಡಿನ ಗಟ್ಟಿ ಪಟ್ಟಿ. ಹೊರಗಿನ ರಸ್ತೆಗಳು ಕೆಟ್ಟದಾಗಿರುತ್ತವೆ, ಗೋಪುರ ಬಾಗಬಾರದು ಅಂತ. ಅದಕ್ಕೆ ಇವತ್ತಿಗೂ ‘ಎಕ್ಸ್‌ಪೋರ್ಟ್ ಬ್ರೇಸ್’ ಅನ್ನೋದೇ ಹೆಸರು. ಅಂದರೆ ಗಟ್ಟಿ ಮಾಡೋದು ಹೇಗೆ ಅಂತ ಕಂಪನಿಗೆ ಗೊತ್ತಿತ್ತು. ಎಲ್ಲರಿಗೂ ಕೊಡುವ ಅಗತ್ಯ ಕಾಣಲಿಲ್ಲ, ಅಷ್ಟೇ.

ನಾಲ್ಕು ತೂತು

ಮಸ್ಟಾಂಗ್ ಚೆನ್ನಾಗಿ ಮಾರಾಟವಾಯಿತು, ಆದರೆ ಅದಕ್ಕೆ ರೇಸಿನ ಗತ್ತು ಇರಲಿಲ್ಲ. ಚೆಂದದ ಮುಖ, ಒಳಗೆ ಫಾಲ್ಕನ್ ಅನ್ನೋ ಮಾತು. ಆ ಗತ್ತು ತರಲು ಫೋರ್ಡ್ ಕಂಪನಿ ಹೋಗಿದ್ದು ಟೆಕ್ಸಾಸ್‌ನ ಕ್ಯಾರಲ್ ಶೆಲ್ಬಿ ಹತ್ತಿರ. 1959ರಲ್ಲಿ ಲೆ ಮಾನ್ಸ್ 24 ಗಂಟೆ ರೇಸ್ ಗೆದ್ದವರು, ಹೃದಯದ ತೊಂದರೆಯಿಂದ ಸ್ಟೀರಿಂಗ್ ಬಿಟ್ಟು ಕಾರು ಕಟ್ಟಲು ಕೂತವರು. 2019ರ ‘ಫೋರ್ಡ್ ವಿ ಫೆರಾರಿ’ ಸಿನಿಮಾ ನೋಡಿದ್ದರೆ ಇವರನ್ನೂ ಇವರ ಜೊತೆಗಾರ ಕೆನ್ ಮೈಲ್ಸ್‌ನನ್ನೂ ನೀವು ಮರೆತಿರಲ್ಲ. ಇಂಗ್ಲೆಂಡಿನಿಂದ ಬಂದು ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ಈ ಮೈಲ್ಸ್, ಕಾರು ಓಡಿಸುವಷ್ಟೇ ಚೆನ್ನಾಗಿ ಕಾರಿನ ಕಾಯಿಲೆ ಹೇಳಬಲ್ಲ ಮನುಷ್ಯ.

ಅಮೆರಿಕದ ಸ್ಪೋರ್ಟ್ಸ್ ಕಾರ್ ಕ್ಲಬ್‌ನ ನಿಯಮದ ಪ್ರಕಾರ ರೇಸಿಗೆ ಒಪ್ಪಬೇಕಾದರೆ ಅಂಥ 100 ಕಾರು ತಯಾರಾಗಿರಬೇಕು. ಸಮಯ ಕೆಲವೇ ತಿಂಗಳು. ಮೈಲ್ಸ್ ಮತ್ತು ಬಾಬ್ ಬಾಂಡುರಂಟ್ ಟ್ರ್ಯಾಕ್‌ನಲ್ಲಿ ಮಸ್ಟಾಂಗ್ ಓಡಿಸಿ ನೋಡಿದರು. ತಿರುವಿನಲ್ಲಿ ಕಾರಿನ ಮೂತಿ ಹೊರಗೆ ಜಾರುತ್ತೆ, ಹೊರಗಿನ ಟೈರು ಅಂಚಿನ ಮೇಲೆ ನಿಲ್ಲುತ್ತೆ. ನೀವು ಫೋನ್ ವಾಲಿಸಿ ನೋಡಿದಿರಲ್ಲ, ಅದೇ.

ಇದಕ್ಕೆ ಮದ್ದು ಫೋರ್ಡ್‌ನ ಒಳಗೇ ಇತ್ತು. ಅಲ್ಲಿ ಕ್ಲಾಸ್ ಆರ್ನಿಂಗ್ ಅನ್ನೋ ಸಸ್ಪೆನ್ಷನ್ ಎಂಜಿನಿಯರ್ ಇದ್ದರು. ಮೇಲಿನ ತೋಳಿನ ‘ಭುಜ’ ತುಂಬ ಎತ್ತರದಲ್ಲಿದೆ, ಅದನ್ನು ಒಂದು ಇಂಚು ಕೆಳಗಿಳಿಸಿ ಅನ್ನೋದು ಅವರ ಲೆಕ್ಕ. ಒಂದು ಇಂಚು ಅಂದರೆ 25 ಮಿಲಿಮೀಟರ್ ಚಿಲ್ಲರೆ. ಮೇಲಿನ ತೋಳು ಪ್ರತಿ ಗೋಪುರಕ್ಕೆ ಎರಡು ಬೋಲ್ಟ್‌ನಿಂದ ಕೂತಿರುತ್ತೆ. ಹಳೆಯ ತೂತುಗಳ ಕೆಳಗೆ ಒಂದೊಂದು ಇಂಚಿಗೆ ಹೊಸ ತೂತು. ಪಕ್ಕಕ್ಕೆ ಎರಡರಂತೆ ಒಟ್ಟು ನಾಲ್ಕು. ಅದೇ ತೋಳು, ಅದೇ ಬೋಲ್ಟ್, ಹೊಸ ಜಾಗ.

ಈಗ ತೋಳಿನ ಪ್ರಯೋಗ ನೆನಪು ಮಾಡಿಕೊಳ್ಳಿ. ಭುಜ ಇಳಿದ ಮೇಲೆ ಚಕ್ರ ಏರಿದಾಗ ತೋಳಿನ ತುದಿ ಹೊರಕ್ಕೆ ತಳ್ಳೋದಿಲ್ಲ, ಒಳಕ್ಕೆ ಎಳೆಯುತ್ತೆ. ತಿರುವಿನಲ್ಲಿ ಟೈರು ನೆಟ್ಟಗೆ ನಿಲ್ಲುತ್ತೆ. ಕಾರು ವಾಲೋದೂ ಕಡಿಮೆಯಾಗುತ್ತೆ. ಕಾರಿನ ಮುಂಭಾಗವೂ ಸ್ವಲ್ಪ ತಗ್ಗುತ್ತೆ.

ಇದರ ಜೊತೆಗೆ ದಪ್ಪ ಆಂಟಿ-ರೋಲ್ ಬಾರ್, ಕೋನಿ ಶಾಕ್ ಅಬ್ಸಾರ್ಬರ್, ಬೇಗ ತಿರುಗುವ ಸ್ಟೀರಿಂಗ್, ಆ ಎಕ್ಸ್‌ಪೋರ್ಟ್ ಬ್ರೇಸ್, ಎರಡು ಗೋಪುರಗಳ ನಡುವೆ ಅಡ್ಡಕ್ಕೆ ‘ಮಾಂಟೆ ಕಾರ್ಲೊ ಬಾರ್’. ಈ ಹೆಸರಿನ ಹಿಂದೆಯೂ ಒಂದು ನೆನಪಿದೆ. 1964ರ ಮಾಂಟೆ ಕಾರ್ಲೊ ರ್‍ಯಾಲಿಯಲ್ಲಿ ಬೋ ಯುಂಗ್‌ಫೆಲ್ಟ್ ಅನ್ನೋ ಸ್ವೀಡನ್ನಿನ ಚಾಲಕ ಇದೇ ಫಾಲ್ಕನ್ ಓಡಿಸಿ ಒಟ್ಟಾರೆ ಎರಡನೇ ಸ್ಥಾನ ಪಡೆದಿದ್ದ. ಗೆದ್ದದ್ದು ಒಂದು ಪುಟ್ಟ ಮಿನಿ ಕೂಪರ್. ಸಾಧು ಮೂಳೆಯನ್ನೂ ಸರಿಯಾಗಿ ಬಿಗಿದರೆ ಓಡುತ್ತೆ ಅನ್ನೋದು ಅಲ್ಲೇ ಗೊತ್ತಾಗಿತ್ತು.

ಈ ಕಾರಿಗೆ ಶೆಲ್ಬಿ ಜಿಟಿ350 ಅಂತ ಹೆಸರಿಟ್ಟರು. ಎಂಜಿನ್ನಿನ ಬಲ 271ರಿಂದ 306 ಹಾರ್ಸ್‌ಪವರ್‌ಗೆ ಏರಿತು. ಜಾಹೀರಾತಿನಲ್ಲಿ ಕಾಣೋದು ಇದು. 1965ರ ಫೆಬ್ರವರಿ 14ರಂದು ಟೆಕ್ಸಾಸ್‌ನ ಗ್ರೀನ್ ವ್ಯಾಲಿ ಟ್ರ್ಯಾಕ್‌ನಲ್ಲಿ ಮೈಲ್ಸ್ ಈ ಕಾರಿನ ಮೊದಲ ರೇಸ್ ಗೆದ್ದರು. ಅವತ್ತಿನ ಒಂದು ಫೋಟೊ ಬಹಳ ಪ್ರಸಿದ್ಧ. ಕಾರಿನ ನಾಲ್ಕೂ ಚಕ್ರ ನೆಲ ಬಿಟ್ಟು ಗಾಳಿಯಲ್ಲಿವೆ. ಜನ ಅದನ್ನು ‘ಹಾರುವ ಮಸ್ಟಾಂಗ್’ ಅಂದರು. ನನಗೆ ಆ ಫೋಟೊ ನೋಡಿದಾಗೆಲ್ಲ ಬರುವ ಯೋಚನೆ ಬೇರೆ. ಹಾರೋದು ದೊಡ್ಡ ಮಾತಲ್ಲ. ಕೆಳಗೆ ಇಳಿದಾಗ ಆ ನಾಲ್ಕು ತೂತುಗಳು ಹಿಡಿದುಕೊಂಡವಲ್ಲ, ಅದು ದೊಡ್ಡದು. 1965, 66, 67, ಮೂರು ವರ್ಷವೂ ತನ್ನ ವರ್ಗದ ರಾಷ್ಟ್ರೀಯ ಪ್ರಶಸ್ತಿ ಈ ಕಾರಿಗೇ ಹೋಯಿತು.

ಉಳಿತಾಯದ ವರ್ಷ

ಇಷ್ಟು ಒಳ್ಳೆಯ ಇಂಚು. ಮುಂದೆ ಏನಾಯ್ತು?

1966ರಲ್ಲಿ ಅದನ್ನು ಕೈಬಿಟ್ಟರು.

ಆ ವರ್ಷದ ಮೊದಲ ಕೆಲವು ಕಾರುಗಳಲ್ಲಿ ಆ ಇಂಚು ಇತ್ತು. ನಂತರ ಇಲ್ಲ. ಪ್ರತಿ ಕಾರಿನ ಗೋಪುರಕ್ಕೆ ತೂತು ಕೊರೆದು, ತೋಳು ಬಿಚ್ಚಿ ಮತ್ತೆ ಕೂರಿಸಲು ಕೈಕೆಲಸ ಬೇಕು, ಸಮಯ ಬೇಕು. 4,547 ಡಾಲರ್‌ನ ಕಾರು ಇನ್ನೂ ಹೆಚ್ಚು ಮಾರಬೇಕಿತ್ತು, ಖರ್ಚು ಇಳಿಯಬೇಕಿತ್ತು. ಹರ್ಟ್ಜ್ ಬಾಡಿಗೆ ಕಾರು ಕಂಪನಿ ಆ ವರ್ಷ ಸುಮಾರು ಒಂದು ಸಾವಿರ ಜಿಟಿ350 ತಗೊಂಡಿತು. ಹೆಚ್ಚಿನವು ಕಪ್ಪು ಮೈ, ಮೇಲೆ ಚಿನ್ನದ ಬಣ್ಣದ ಪಟ್ಟೆ. ಪಟ್ಟೆ ಎಲ್ಲರಿಗೂ ಕಾಣುತ್ತೆ. ಗೋಪುರದ ಒಳಗಿನ ತೂತು ಯಾರಿಗೆ ಕಾಣಬೇಕು?

ಅದೇ ವರ್ಷ, ಆಗಸ್ಟ್ 17ರಂದು, ಕೆನ್ ಮೈಲ್ಸ್ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಟ್ರ್ಯಾಕ್‌ನಲ್ಲಿ ಬೇರೊಂದು ರೇಸ್ ಕಾರು ಪರೀಕ್ಷಿಸುತ್ತಿದ್ದಾಗ ಅಪಘಾತದಲ್ಲಿ ತೀರಿಕೊಂಡರು.

ಈ ಉಳಿತಾಯದ ಮಾತನ್ನು ಆ ಕಾಲದ ಇನ್ನೊಂದು ಘಟನೆಯ ಪಕ್ಕ ಇಟ್ಟು ನೋಡಬೇಕು. 1965ರ ನವೆಂಬರ್‌ನಲ್ಲಿ ರಾಲ್ಫ್ ನೇಡರ್ ಅನ್ನೋ ಯುವ ವಕೀಲ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಅನ್ನೋ ಪುಸ್ತಕ ತಂದರು. ಅದರ ಮೊದಲ ಅಧ್ಯಾಯವೇ ಒಂದು ಸಸ್ಪೆನ್ಷನ್ ಕಥೆ. ಜನರಲ್ ಮೋಟರ್ಸ್‌ನ ಶೆವರ್ಲೆ ಕಾರ್ವೇರ್ ಕಾರಿನ ಹಿಂಚಕ್ರಗಳು ತಿರುವಿನಲ್ಲಿ ಒಳಕ್ಕೆ ಮಡಚಿಕೊಳ್ಳುವಂತಿವೆ, ಅದನ್ನು ಹತೋಟಿಯಲ್ಲಿಡುವ ಒಂದು ಬಾರ್ ಹಾಕಬಹುದಿತ್ತು, ಉಳಿತಾಯಕ್ಕಾಗಿ ಬಿಟ್ಟರು ಅನ್ನೋದು ಅವರ ಆರೋಪ. 1964ರ ಮಾಡೆಲ್‌ನಲ್ಲಿ ಆ ಬಾರ್ ಬಂತು, 1965ರಲ್ಲಿ ಹಿಂದಿನ ಸಸ್ಪೆನ್ಷನ್ ಪೂರ್ತಿ ಬದಲಾಯಿತು. ಆದರೆ ಮೊದಲ ನಾಲ್ಕು ವರ್ಷ ಕೊಂಡವರು ಹಳೆಯದರಲ್ಲೇ ಓಡಾಡಿದ್ದರು. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 1972ರಲ್ಲಿ ಬಂದ ಸರ್ಕಾರಿ ವರದಿ, ಕಾರ್ವೇರ್ ಆ ಕಾಲದ ಇತರ ಕಾರುಗಳಿಗಿಂತ ಕಡೆಯೇನಲ್ಲ ಅಂತ ಹೇಳಿತು. ಅಷ್ಟರಲ್ಲಿ ಪುಸ್ತಕ ತನ್ನ ಕೆಲಸ ಮಾಡಿಯಾಗಿತ್ತು. 1966ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ವಾಹನ ಸುರಕ್ಷತೆಯ ರಾಷ್ಟ್ರೀಯ ಕಾನೂನು ಬಂತು.

ಮಸ್ಟಾಂಗ್ ಅಪಾಯದ ಕಾರು ಅಂತ ನಾನು ಹೇಳ್ತಾ ಇಲ್ಲ. ಆ ಕಾಲದ ರಸ್ತೆ, ಆ ಕಾಲದ ಟೈರಿಗೆ ಅದು ಒಪ್ಪುವಂತೆಯೇ ಇತ್ತು. ನಾನು ಹೇಳೋದು ಬೇರೆ. ಕೊಳ್ಳುವವನ ಕಣ್ಣಿಗೆ ಬೀಳದ ಜಾಗದಲ್ಲಿ ಏನಿರಬೇಕು ಅನ್ನೋದನ್ನು ಒಳ್ಳೆಯ ಲೆಕ್ಕ ಅಲ್ಲ, ಅಗ್ಗದ ಲೆಕ್ಕ ತೀರ್ಮಾನಿಸುತ್ತೆ. ಪರಿಹಾರ ಗೊತ್ತಿದ್ದರೂ, ಅದು ನಾಲ್ಕು ತೂತಿನಷ್ಟು ಸುಲಭವಿದ್ದರೂ.

ಅರವತ್ತರ ಕುದುರೆ ಬಿಚ್ಚಿದಾಗ

ಈಗ ಇವತ್ತಿಗೆ ಬರೋಣ. ಅಮೆರಿಕದ ಯಾವುದೋ ಮನೆಯ ಗ್ಯಾರೇಜು. ತಾತನ ಕಾಲದ 1966ರ ಮಸ್ಟಾಂಗ್ ಜ್ಯಾಕ್ ಮೇಲೆ ನಿಂತಿದೆ. ಮುಂಗಾಲು ಬಿಚ್ಚಬೇಕು. ಏನೇನು ಸಿಗುತ್ತೆ?

ಮೊದಲು ಸ್ಪ್ರಿಂಗ್. ಇದು ಇಡೀ ಕೆಲಸದ ಅಪಾಯದ ಭಾಗ. ಕಾರಿನ ಭಾರ ಹೊರಲು ಒತ್ತಿ ಕೂರಿಸಿದ ಸ್ಪ್ರಿಂಗ್ ಅದು. ಸರಿಯಾದ ಕಂಪ್ರೆಸರ್ ಹಾಕಿ, ಬಿಗಿಯಾಗಿ ಹಿಡಿದು, ನಿಧಾನಕ್ಕೆ ಬಿಡಬೇಕು. ಕೈ ತಪ್ಪಿದರೆ ಅದು ಗುಂಡಿನ ಹಾಗೆ ಹಾರುತ್ತೆ. ಎಷ್ಟೇ ಪಳಗಿದವರೂ ಇಲ್ಲಿ ತಮಾಷೆ ಮಾಡೋದಿಲ್ಲ.

ಆಮೇಲೆ ತೋಳುಗಳು. ಅವುಗಳ ಕೀಲಿನಲ್ಲಿದ್ದ ರಬ್ಬರು ಬುಷ್‌ಗಳು ಕಲ್ಲಾಗಿರುತ್ತವೆ ಇಲ್ಲವೇ ಪುಡಿಯಾಗಿರುತ್ತವೆ. ಮೇಲಿನ ಬಾಲ್ ಜಾಯಿಂಟ್ ಇನ್ನೂ ರಿವೆಟ್ ಹೊಡೆದೇ ಇದ್ದರೆ ಅದು ಫ್ಯಾಕ್ಟರಿಯದು, ಬೋಲ್ಟ್ ಇದ್ದರೆ ನಡುವೆ ಯಾರೋ ಬದಲಿಸಿದ್ದಾರೆ ಅಂತ ಅರ್ಥ. ಸ್ಟ್ರಟ್ ರಾಡ್‌ನ ಬುಷ್ ಸವೆದಿದ್ದರೆ ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿಯುತ್ತೆ, ಕಾರು ಒಂದು ಪಕ್ಕಕ್ಕೆ ಎಳೆಯುತ್ತೆ. ಗೋಪುರಗಳನ್ನು ತೊಳೆದು, ಹೆಪ್ಪುಗಟ್ಟಿದ ಗ್ರೀಸು ಕೆರೆದು, ಟಾರ್ಚ್ ಹಿಡಿದು ನೋಡಬೇಕು. ತಗಡಿನಲ್ಲಿ ಕೂದಲಿನಂಥ ಬಿರುಕು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ. ಬಿರುಕು ಬಿಟ್ಟ ಗೋಪುರಕ್ಕೆ ದುಬಾರಿ ಸ್ಪ್ರಿಂಗ್ ಹಾಕೋದು ಗೆದ್ದಲು ಹಿಡಿದ ಕಂಬಕ್ಕೆ ಬಣ್ಣ ಹೊಡೆದ ಹಾಗೆ.

ಹೊಸ ಬುಷ್, ಹೊಸ ಬಾಲ್ ಜಾಯಿಂಟ್, ಹೊಸ ಕೆಳತೋಳು ಬಂತು. ತೋಳು ಬಿಚ್ಚಿರುವಾಗಲೇ ಆ ಪ್ರಶ್ನೆ ಎದುರು ನಿಲ್ಲುತ್ತೆ. ಆ ಒಂದು ಇಂಚು ಇಳಿಸೋದಾ? ಹಳೆಯ ತೂತಿಗೆ ಬೋಲ್ಟ್ ಹಾಕಿ ಅಳತೆಯ ತಗಡೊಂದನ್ನು ಕೂರಿಸಿದರೆ ಹೊಸ ತೂತಿನ ಜಾಗ ತಾನೇ ಸಿಗುತ್ತೆ. ಒಂದು ಡ್ರಿಲ್, ಒಂದು ಮಧ್ಯಾಹ್ನ. ಜನ ಇದನ್ನು ‘ಶೆಲ್ಬಿ ಡ್ರಾಪ್’ ಅಂತಾರೆ, ಒಳಗಿನ ಕಥೆ ಗೊತ್ತಿರುವವರು ‘ಆರ್ನಿಂಗ್ ಡ್ರಾಪ್’ ಅಂತಾರೆ. ಆದರೆ ಒಂದಕ್ಕೆ ಇಷ್ಟು ಲಾಭವಾದರೆ ಎರಡು ಇಳಿಸೋಣ ಅನ್ನುವಂತಿಲ್ಲ. ಅತಿಯಾಗಿ ಇಳಿಸಿದರೆ ಬಾಲ್ ಜಾಯಿಂಟ್ ತನ್ನ ಮಿತಿ ಮೀರಿ ತಿರುಗಿ ಸಿಕ್ಕಿಕೊಳ್ಳುತ್ತೆ.

ಕೊನೆಗೆ ಅಲೈನ್‌ಮೆಂಟ್. ಇಲ್ಲಿ ಚರಿತ್ರೆಯ ಇನ್ನೊಂದು ಪದರ ತೆರೆದುಕೊಳ್ಳುತ್ತೆ. 1960ರ ದಶಕದ ಅಮೆರಿಕದ ಕಾರುಗಳು ಓಡಿದ್ದು ಹಳೆಯ ಬಯಸ್-ಪ್ಲೈ ಟೈರುಗಳ ಮೇಲೆ. ಫ್ರಾನ್ಸ್‌ನ ಮಿಶೆಲಿನ್ 1940ರ ದಶಕದಲ್ಲೇ ರೇಡಿಯಲ್ ಟೈರು ತಂದಿದ್ದರೂ ಅಮೆರಿಕದಲ್ಲಿ ಅದು ಬೇರೂರಿದ್ದು 1970ರ ದಶಕದಲ್ಲಿ. ಇವತ್ತು ಆ ಕಾರಿಗೆ ಹಾಕೋದು ರೇಡಿಯಲ್. ಹಳೆಯ ಪುಸ್ತಕದ ಅಳತೆಯಲ್ಲೇ ಚಕ್ರ ಹೊಂದಿಸಿದರೆ ಹೆದ್ದಾರಿಯಲ್ಲಿ ಕಾರು ಆ ಕಡೆ ಈ ಕಡೆ ಅಲೆಯುತ್ತೆ. ಸ್ಟೀರಿಂಗ್‌ನ ವಾಲು, ಅಂದರೆ ಕ್ಯಾಸ್ಟರ್, ಎರಡು-ಮೂರು ಡಿಗ್ರಿ ಹಿಂದಕ್ಕೆ ಕೊಡಬೇಕು. ಆಗ ಅದು ನೇರ ಓಡುತ್ತೆ. ಪುಸ್ತಕದಲ್ಲಿ ಬರೆದದ್ದು ಸುಳ್ಳಲ್ಲ. ಅದು ಬೇರೆ ಟೈರಿನ ಸತ್ಯ.

ಗೇಲಿಗೊಳಗಾದವಳ ಸೇಡು

ರಿಪೇರಿಗೇ ನಿಲ್ಲದೆ ಪೂರ್ತಿ ಅಪ್‌ಗ್ರೇಡ್ ಮಾಡುವವರೂ ಇದ್ದಾರೆ. ಅಲ್ಲಿಗೆ ಒಂದು ಒಳ್ಳೆಯ ಉಪಕಥೆ.

1973ರ ಶರತ್ಕಾಲದಲ್ಲಿ ಫೋರ್ಡ್ ‘ಮಸ್ಟಾಂಗ್ II’ ತಂದಿತು. ಚಿಕ್ಕ ಕಾರು, ಮೊದಲ ವರ್ಷ ವಿ-8 ಎಂಜಿನ್ ಕೂಡ ಇಲ್ಲ. ಅಕ್ಟೋಬರ್‌ನಲ್ಲಿ ಅರಬ್ ದೇಶಗಳ ತೈಲ ನಿರ್ಬಂಧ ಬಂತು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು, ಕಾರು ಚೆನ್ನಾಗಿ ಮಾರಾಟವಾಯಿತು. ಆದರೆ ಮಸ್ಟಾಂಗ್ ಅಭಿಮಾನಿಗಳು ಇವತ್ತಿಗೂ ಅದನ್ನು ಕುದುರೆ ಅಂತ ಒಪ್ಪಿಲ್ಲ, ಕತ್ತೆಮರಿ ಅಂತಾರೆ. ಅಂಥ ಕಾರಿನ ಮುಂಗಾಲು ಮಾತ್ರ ಚೊಕ್ಕವಾಗಿತ್ತು. ಸ್ಪ್ರಿಂಗ್ ಕೆಳತೋಳಿನ ಮೇಲೆ, ಎತ್ತರದ ಗೋಪುರದ ಗೊಡವೆ ಇಲ್ಲ, ಸ್ಟೀರಿಂಗ್ ರ್‍ಯಾಕ್ ಆ್ಯಂಡ್ ಪಿನಿಯನ್. ಹಳೆ ಕಾರು ಕಟ್ಟುವವರು ಗುಜರಿಯಿಂದ ಅದನ್ನು ಬಿಚ್ಚಿ ತಮ್ಮ ಕಾರಿಗೆ ಜೋಡಿಸತೊಡಗಿದರು. ಇವತ್ತು ಅಮೆರಿಕದ ಅಂಗಡಿಗಳಲ್ಲಿ ಹೊಸದಾಗಿ ತಯಾರಾಗುವ ಕಿಟ್‌ಗಳಿಗೂ ‘ಮಸ್ಟಾಂಗ್ II’ ಅನ್ನೋದೇ ಹೆಸರು. ಕಾರನ್ನು ಗೇಲಿ ಮಾಡಿದವರೇ ಅದರ ಕಾಲು ತಂದು ತಮ್ಮ ಕಾರಿಗೆ ಕಟ್ಟಿಕೊಂಡರು.

ಆದರೆ ಈ ದಾರಿಗೆ ಒಂದು ಬೆಲೆಯಿದೆ. 1965ರ ಮಸ್ಟಾಂಗ್‌ಗೆ ಅದನ್ನು ಹಾಕಬೇಕಾದರೆ ಸಾಮಾನ್ಯವಾಗಿ ಆ ಗೋಪುರಗಳನ್ನು ಕತ್ತರಿಸಿ ತೆಗೀತಾರೆ. ದೊಡ್ಡ ಎಂಜಿನ್‌ಗೆ ಜಾಗ ಸಿಗುತ್ತೆ, ನಿಜ. ಆದರೆ ಆ ಗೋಪುರ ಬಾಡಿಯ ಗಟ್ಟಿತನದ ಪಾಲುದಾರ. ತೆಗೆದ ಜಾಗಕ್ಕೆ ಸರಿಯಾಗಿ ಬಲ ಕೊಡದಿದ್ದರೆ ಮುಂಭಾಗ ಬಾಗುತ್ತೆ. ಒಮ್ಮೆ ಕತ್ತರಿಸಿದ ಮೇಲೆ ವಾಪಸ್ ಬರೋದೂ ಕಷ್ಟ. ಇನ್ನೊಂದು ಮಧ್ಯದ ದಾರಿಯಿದೆ. ಗೋಪುರ ಹಾಗೇ ಇಟ್ಟು, ಪೈಪಿನಿಂದ ಮಾಡಿದ ಹೊಸ ತೋಳು, ಸ್ಪ್ರಿಂಗ್-ಶಾಕ್ ಎರಡೂ ಒಂದಾಗಿರುವ ಕಾಯಿಲ್‌ಓವರ್ ಹಾಕೋದು. ಬೇಡ ಅಂದ ದಿನ ಬಿಚ್ಚಿ ಹಳೆಯದನ್ನು ಕೂರಿಸಬಹುದು.

ಮೂಲ ಅಂದರೆ ಯಾವುದು?

ಹಳೆ ಕಾರಿನ ಜಗತ್ತಿನಲ್ಲಿ ಒಂದು ಮುಗಿಯದ ಜಗಳವಿದೆ. ಫ್ಯಾಕ್ಟರಿಯಿಂದ ಹೇಗೆ ಬಂತೋ ಹಾಗೇ ಇರಬೇಕು ಅನ್ನುವವರು ಒಂದು ಕಡೆ. ಓಡಿಸೋದಕ್ಕೆ ಯೋಗ್ಯ ಮಾಡಬೇಕು ಅನ್ನುವವರು ಇನ್ನೊಂದು ಕಡೆ. ಹರಾಜಿನಲ್ಲಿ ಮೂಲ ರೂಪಕ್ಕೆ ಬೆಲೆ ಜಾಸ್ತಿ. ಅಪರೂಪದ ಕಾರಾದರೆ ಮುಟ್ಟದೆ ಬಿಡೋದೇ ಸರಿ. ಅದರ ಹಳೆಯ ಬೋಲ್ಟ್ ಕೂಡ ದಾಖಲೆ. ಶೆಲ್ಬಿ ಕಾರುಗಳಲ್ಲಂತೂ ಆ ತೂತು ಇದೆಯೋ ಇಲ್ಲವೋ ಅನ್ನೋದೇ ಕಾರು ಹುಟ್ಟಿದ ಕಾಲಕ್ಕೆ ಒಂದು ಸಾಕ್ಷಿ.

ಆದರೆ ಹತ್ತು ಲಕ್ಷ ದಾಟಿ ಮಾರಾಟವಾದ ಸಾಮಾನ್ಯ ಮಸ್ಟಾಂಗ್ ಮ್ಯೂಸಿಯಂ ಸಾಮಾನಲ್ಲ. ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ರಸ್ತೆಗಿಳಿಯುವ ಕಾರು. 1965-66ರ ಕಾರುಗಳಲ್ಲಿ ಬ್ರೇಕಿನ ಎಣ್ಣೆಗೆ ಇದ್ದದ್ದು ಒಂದೇ ಕೋಣೆ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತೆ. 1967ರಿಂದ ಎರಡು ಕೋಣೆ ಬಂತು. ಅಂಥ ಕಾರನ್ನು ಇವತ್ತಿನ ಹೆದ್ದಾರಿಗೆ, ಇವತ್ತಿನ ವೇಗಕ್ಕೆ, ‘ಮೂಲ ರೂಪದಲ್ಲೇ ಇರಲಿ’ ಅಂತ ಬಿಡೋದು ಚರಿತ್ರೆಯ ಮೇಲಿನ ಪ್ರೀತಿಯಲ್ಲ. ಆ ವರ್ಷದ ಉಳಿತಾಯಕ್ಕೆ ನಾವು ಇನ್ನೂ ಕಾವಲು ಕೂತ ಹಾಗೆ.

ನನಗೆ ಇಷ್ಟವಾಗುವ ದಾರಿ ಆ ನಾಲ್ಕು ತೂತಿನದು. ಹಳೆಯ ತೂತು ಅಲ್ಲೇ ಇರುತ್ತೆ, ಹೊಸ ತೂತು ಅದರ ಕೆಳಗೆ. ಎರಡೂ ಒಂದೇ ತಗಡಿನಲ್ಲಿ, ಒಂದು ಇಂಚು ಅಂತರದಲ್ಲಿ. ಕಂಪನಿ ಮಾರಿದ ಕಾರು ಮೇಲಿನ ತೂತಿನಲ್ಲಿದೆ. ಎಂಜಿನಿಯರ್ ಲೆಕ್ಕ ಹಾಕಿದ ಕಾರು ಕೆಳಗಿನ ತೂತಿನಲ್ಲಿದೆ. ಬಿಚ್ಚಿದ ಹಳೆಯ ಭಾಗಗಳನ್ನು ಡಬ್ಬದಲ್ಲಿಟ್ಟು, ಯಾವತ್ತು ಏನು ಬದಲಿಸಿದೆವು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ನಾಳೆ ಆ ಕಾರು ಬಿಚ್ಚುವವರಿಗೆ ಪೂರ್ತಿ ಕಥೆ ಸಿಗುತ್ತೆ.

ಮುಂದಿನ ಸಲ ನಿಮ್ಮ ಕಾರು ಹಂಪ್ ದಾಟಿ ‘ಕಟಕ್’ ಅಂದಾಗ, ಮೆಕ್ಯಾನಿಕ್ ಚಕ್ರ ಅಲ್ಲಾಡಿಸುವಾಗ, ಪಕ್ಕದಲ್ಲಿ ಬಗ್ಗಿ ಕೂತು ಒಂದು ಸಲ ನೋಡಿ. ‘ಎಷ್ಟಾಗುತ್ತೆ’ ಅಂತ ಆಮೇಲೆ ಕೇಳಿ. ಮೊದಲು ‘ಯಾವುದು ಹೋಗಿದೆ, ತೋರಿಸಿ ಅಣ್ಣಾ’ ಅನ್ನಿ. ಖುಷಿಯಿಂದ ತೋರಿಸ್ತಾರೆ. ಅವರನ್ನು ಆ ಪ್ರಶ್ನೆ ಕೇಳುವವರು ಕಡಿಮೆ.